ಆನೆಗೊಂದಿ: ಊರಿನ ಹಳೆಯ ಮನೆಗಳೇ ಇಲ್ಲಿ ಹೋಟೆಲು

ಹಂಪಿಯ ವಿಠ್ಠಲ ದೇವಸ್ಥಾನದ ಸಮೀಪ ತಳವಾರಘಟ್ಟಕ್ಕೆ ಇಳಿದರೆ ತುಂಗಭದ್ರೆಯ ಆಚೆ ದಡದಲ್ಲಿದೆ ಆನೆಗೊಂದಿ. ಈ ಕಡೆ ಬರುವ ಪ್ರವಾಸಿಗರಲ್ಲಿ ಬಹುತೇಕರು ಅಂಜನಾದ್ರಿ ಬೆಟ್ಟದ ಸುಮಾರು 575 ಮೆಟ್ಟಿಲು ಹತ್ತಿಳಿದು, ಸಂಜೆಯೊಳಗೆ ಹೊಸಪೇಟೆಯ ಲಾಡ್ಜು ಸೇರಿಕೊಳ್ಳುತ್ತಾರೆ. ರಾತ್ರಿ ಇಲ್ಲೇ ಉಳಿದವರಿಗೆ ಕಾಣುವ ಊರೇ ಬೇರೆ. ಕೋಟೆ ಬಾಗಿಲು, ಗಗನ ಮಹಲ್, ರಂಗನಾಥಸ್ವಾಮಿ ಗುಡಿ, ಇವುಗಳ ನಡುವೆ ಜನವಸತಿಯ ಓಣಿಗಳು. ಅತಿಥಿಗಳ ಕೋಣೆಗಳಿರುವುದೂ ಆ ಓಣಿಗಳಲ್ಲೇ.

ಕಲಾವಿದೆ ಶಮಾ ಪವಾರ್ 1997ರಲ್ಲಿ ಇಲ್ಲಿ ಕಿಷ್ಕಿಂಧಾ ಟ್ರಸ್ಟ್ ಕಟ್ಟಿದರು. ವಿಜಯನಗರಕ್ಕಿಂತ ಹಳೆಯದಾದ ಈ ಊರಿನಲ್ಲಿ ಗುಡಿ, ಮಂಟಪಗಳನ್ನು ನೋಡಿಕೊಳ್ಳಲು ಸರ್ಕಾರದ ಇಲಾಖೆಗಳಿವೆ. ಆದರೆ ಜನ ಬಾಳಿದ ಮಣ್ಣಿನ ಮಾಳಿಗೆ ಮನೆ ಬಿರುಕು ಬಿಟ್ಟರೆ ಕೇಳುವವರು ಯಾರು? ಮಾಲೀಕರಿಗೆ ಅದನ್ನು ಕೆಡವಿ ಕಾಂಕ್ರೀಟ್ ಹಾಕಿಸುವುದೇ ಸುಲಭ. ಆ ಮನೆಯೇ ನಾಲ್ಕು ಕಾಸು ದುಡಿದರೆ ಉಳಿಯುತ್ತದೆ ಎಂಬ ಲೆಕ್ಕಾಚಾರದ ಮೇಲೆ ಟ್ರಸ್ಟ್ ಕೆಲವು ಮನೆಗಳನ್ನು ದುರಸ್ತಿ ಮಾಡಿ ಅತಿಥಿಗೃಹಗಳನ್ನಾಗಿಸಿತು.

ಊರಮ್ಮ ಹೌಸ್, ಪೇಶಗಾರ್ ಮನೆ ಹುಟ್ಟಿಕೊಂಡದ್ದು ಹೀಗೆ. ಪೇಶಗಾರ್ ಮನೆಯಲ್ಲಿ ಕೋಣೆಗಳು ಅಂಗಳದ ಸುತ್ತ ತೆರೆದುಕೊಳ್ಳುತ್ತವೆ. ಇನ್ನಷ್ಟು ಅನುಕೂಲ ಬೇಕೆನ್ನುವವರಿಗೆ ತೋಟದ ನಡುವೆ ಹುಲ್ಲು ಹೊದಿಸಿದ ಊರಮ್ಮ ಕಾಟೇಜ್‌ಗಳಿವೆ. ದಪ್ಪ ಗೋಡೆಯ ಮನೆ ಕೊಪ್ಪಳ ಸೀಮೆಯ ಬಿಸಿಲನ್ನು ತಡೆಯುವ ಬಗೆಯನ್ನು ಒಮ್ಮೆ ಮಧ್ಯಾಹ್ನ ಒಳಗೆ ಮಲಗಿದವರು ಮರೆಯುವುದಿಲ್ಲ. ಇಲ್ಲಿ ಅಂದವೆನ್ನುವುದು ಹೊರಗಿನಿಂದ ತಂದು ಅಂಟಿಸಿದ್ದಲ್ಲ. ಕಲ್ಲು, ಮರ, ಮಣ್ಣು ಮೊದಲೇ ಇದ್ದವು, ಅವನ್ನು ಕಾಣುವಂತೆ ಮಾಡಿದ್ದಷ್ಟೇ ಹೊಸದು.

ಕೇಂದ್ರ ಪ್ರವಾಸೋದ್ಯಮ ಸಚಿವಾಲಯವು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ (ಯುಎನ್‌ಡಿಪಿ) ಜೊತೆಗೂಡಿ ಗ್ರಾಮೀಣ ಪ್ರವಾಸಕ್ಕೆಂದು ಆರಿಸಿದ ಊರುಗಳಲ್ಲಿ ಬನವಾಸಿಯ ಜೊತೆ ಆನೆಗೊಂದಿಯೂ ಇತ್ತು.

ಊರಿನ ಕರಕುಶಲ ಕಲೆಯ ಮೂಲ ಇರುವುದು ಗದ್ದೆ, ತೋಟಗಳಲ್ಲಿ. ವಿಜಯನಗರ ಕಾಲದ ಕಾಲುವೆಗಳು ಇಂದಿಗೂ ಈ ಭಾಗದ ಭತ್ತಕ್ಕೂ ಬಾಳೆಗೂ ನೀರುಣಿಸುತ್ತಿವೆ. ಬಾಳೆ ಗಿಡ ಒಂದೇ ಗೊನೆ ಕೊಡುತ್ತದೆ. ಗೊನೆ ಇಳಿಸಿದ ಮೇಲೆ ದಿಂಡನ್ನು ಕಡಿದು ಎಸೆಯಬೇಕು. ಹಾಗೆ ಎಸೆಯುತ್ತಿದ್ದ ದಿಂಡಿನ ಪಟ್ಟೆಗಳನ್ನು ಊರಿನ ಹೆಣ್ಣುಮಕ್ಕಳು ಒಣಗಿಸಿ, ಸೀಳಿ, ಹಗ್ಗ ಹೊಸೆದು ಚೀಲ, ಬುಟ್ಟಿ, ಚಾಪೆ ಹೆಣೆಯುತ್ತಾರೆ. ಟ್ರಸ್ಟ್ ನೀಡಿದ ತರಬೇತಿಯಿಂದ ಬೆಳೆದ ಈ ಕಸುಬು ಬಾಳೆ ನಾರನ್ನು ಆನೆಗೊಂದಿಯ ಗುರುತಾಗಿಸಿತು. ಅತಿಥಿಗಳು ಕೆಲಸದ ಜಾಗಕ್ಕೆ ಹೋಗಿ ಕೂತು ನೋಡಬಹುದು, ಅಲ್ಲೇ ಕೊಳ್ಳಬಹುದು. ಕರಕುಶಲ ಕಲೆಯ ಹುಚ್ಚು ಇನ್ನೂ ಇದ್ದರೆ ಕೊಪ್ಪಳದ ಹತ್ತಿರದ ಕಿನ್ನಾಳಕ್ಕೂ ಹೋಗಿಬರಬೇಕು. ಅಲ್ಲಿನ ಚಿತ್ರಗಾರ ಮನೆತನಗಳು ಹಗುರ ಮರದಲ್ಲಿ ಕೆತ್ತಿ ಬಣ್ಣ ಹಚ್ಚುವ ದೇವರ ಮೂರ್ತಿಗಳಿಗೆ, ಗೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ.

ಇದೇ ತುಂಗಭದ್ರೆಯ ದಡದ ಇನ್ನೊಂದು ಕಥೆಯನ್ನೂ ಹೇಳಬೇಕು. ಹಂಪಿಯ ಎದುರಿನ ವಿರೂಪಾಪುರಗಡ್ಡಿಯಲ್ಲಿ ವರ್ಷಗಟ್ಟಲೆ ಸಾಲುಸಾಲಾಗಿ ರೆಸಾರ್ಟುಗಳು ಎದ್ದವು. ಅವು ಅಕ್ರಮ ಎಂಬ ಆದೇಶವನ್ನು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ಎತ್ತಿಹಿಡಿಯಿತು. ಮರುತಿಂಗಳು ಜೆಸಿಬಿಗಳು ಅವನ್ನು ನೆಲಸಮ ಮಾಡಿದವು. 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ ಹಂಪಿ, ತಳವಾರಘಟ್ಟದ ಬಳಿ ಕಟ್ಟುತ್ತಿದ್ದ ಸೇತುವೆಯಂಥ ಕಾಮಗಾರಿಗಳ ಕಾರಣಕ್ಕೆ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿ, 2006ರಲ್ಲಿ ಹೊರಬಂತು. ಆ ಸೇತುವೆ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರು ಜೀವ ಕಳೆದುಕೊಂಡರು. ಇಂಥ ನೆಲದಲ್ಲಿ ಹಳೆಯ ಮನೆಗಳಲ್ಲೇ ಅತಿಥಿಗೆ ಹಾಸಿಗೆ ಹಾಸಿಕೊಟ್ಟ ಆನೆಗೊಂದಿಯ ದಾರಿ ಅನುಸರಿಸುವಂಥದ್ದು. ಪ್ರವಾಸಿಗನ ದುಡ್ಡಿನಲ್ಲಿ ಒಂದು ಪಾಲಾದರೂ ಓಣಿಯ ಮನೆಗಳಿಗೆ ತಲುಪುವುದು ಇಲ್ಲಿ ಸಾಧ್ಯವಾಗಿದೆ.

ಒಂದೆರಡು ದಿನ ನಿಂತವರಿಗೆ ನೋಡಲು ಬೇಕಾದಷ್ಟಿದೆ. ನದಿ ನಡುಗಡ್ಡೆಯ ನವಬೃಂದಾವನದಲ್ಲಿ ವ್ಯಾಸರಾಯರೂ ಸೇರಿ ಒಂಬತ್ತು ಯತಿಗಳ ಬೃಂದಾವನಗಳು, ಹುಚ್ಚಪ್ಪಯ್ಯನ ಮಠದ ನುಣುಪಾದ ಕರಿಕಲ್ಲಿನ ಕಂಬಗಳು, ಪಂಪಾ ಸರೋವರ, ಸಾಣಾಪುರ ಕೆರೆ. ಬೆಟ್ಟಗಳಲ್ಲಿ ಅಲೆಯುವ ಕಾಲುಬಲವಿದ್ದವರಿಗೆ ಒನಕೆ ಕಿಂಡಿಯ ಆದಿಮಾನವರ ಬಂಡೆಚಿತ್ರಗಳು.

ಹೊಸಪೇಟೆಯವರೆಗೆ ರೈಲಿದೆ; ಅಲ್ಲಿಂದ ಕಮಲಾಪುರದ ಮೇಲೆ ಬಂದು ಬುಕ್ಕಸಾಗರ–ಕಡೇಬಾಗಿಲು ಸೇತುವೆ ದಾಟಿದರೆ ಊರು ಹತ್ತಿರ. ಗಂಗಾವತಿ ಕಡೆಯಿಂದ ಬಸ್ಸಿನಲ್ಲೂ ಬರಬಹುದು. ಮಳೆಗಾಲದಲ್ಲಿ ಜಲಾಶಯದಿಂದ ನೀರು ಬಿಟ್ಟಾಗ ದೋಣಿ, ಹರಿಗೋಲು ನಿಲ್ಲುತ್ತವೆ. ನವಬೃಂದಾವನದ ದರ್ಶನಕ್ಕೂ ಆಗ ಕಾಯಬೇಕು. ಅಕ್ಟೋಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಕೋಣೆಗಳು ಬೆರಳೆಣಿಕೆಯಷ್ಟೇ ಇರುವುದರಿಂದ ಮೊದಲೇ ಕಾಯ್ದಿರಿಸಿಕೊಂಡು ಹೊರಡುವುದು ಒಳಿತು.