ನುಸಿಗುಳಿಗೆ ಮತ್ತು ಹಸುಗೂಸು

ಮನೆಯಲ್ಲಿ ಹೆರಿಗೆಯಾಯಿತೆಂದರೆ ಅಜ್ಜಿಯಂದಿರು ಟ್ರಂಕಿನಿಂದ ಹಳೆಯ ಹತ್ತಿ ಸೀರೆ, ಕುಲಾವಿ, ಕೌದಿ ಹೊರತೆಗೆಯುತ್ತಾರೆ. ಮೆತ್ತನೆಯ ಬಟ್ಟೆ ಮಗುವಿಗೆ ಹಿತವೇ. ಆದರೆ ಅದರಲ್ಲಿ ನುಸಿಗುಳಿಗೆಯ ವಾಸನೆಯಿದ್ದರೆ ಎಚ್ಚರ ವಹಿಸಬೇಕು.

ಈ ಬಿಳಿ ಗುಳಿಗೆಗಳಲ್ಲಿ ಅನೇಕವು ನ್ಯಾಫ್ತಲೀನ್ ಎಂಬ ರಾಸಾಯನಿಕದಿಂದ ಆದವು. ಅದು ಆವಿಯಾಗಿ ಬಟ್ಟೆಯಲ್ಲಿ ಸೇರಿಕೊಂಡು, ಉಸಿರಿನ ಮೂಲಕವೂ ತೆಳುವಾದ ಚರ್ಮದ ಮೂಲಕವೂ ಮಗುವಿನ ದೇಹವನ್ನು ಸೇರುತ್ತದೆ. ಮೈಗೆ ಎಣ್ಣೆ ಹಚ್ಚಿದ್ದರೆ ಇನ್ನೂ ಹೆಚ್ಚು.

ಕೆಲವರ ಕೆಂಪು ರಕ್ತಕಣಗಳಲ್ಲಿ ಜಿ-6-ಪಿ.ಡಿ. ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆಯಿರುತ್ತದೆ. ಗಂಡುಮಕ್ಕಳಲ್ಲಿ ಈ ಕೊರತೆ ಹೆಚ್ಚು. ಮನೆಯವರಿಗೆ ಇದು ಮೊದಲೇ ತಿಳಿದಿರುವುದು ಅಪರೂಪ. ಇಂಥ ಶಿಶುಗಳಲ್ಲಿ ನ್ಯಾಫ್ತಲೀನ್‌ನಿಂದಾಗಿ ರಕ್ತಕಣಗಳು ಒಡೆದು, ಬಿಲಿರುಬಿನ್ ಎಂಬ ಹಳದಿ ವಸ್ತು ಹೆಚ್ಚುತ್ತದೆ. ಎಳೆಯ ಯಕೃತ್ತು ಅದನ್ನು ಹೊರಹಾಕಲಾರದು. ಅದು ಮಿದುಳಿಗೆ ತಗುಲಿದರೆ ಕಿವುಡುತನ, ಅಂಗವೈಕಲ್ಯ, ಸಾವೂ ಸಂಭವಿಸಬಹುದು.

ಹುಟ್ಟಿದ 2-3ನೆಯ ದಿನ ಕಾಣುವ ಸಾಮಾನ್ಯ ಕಾಮಾಲೆ ಬಹುಪಾಲು ತಾನಾಗಿಯೇ ಇಳಿಯುತ್ತದೆ. ಆದರೆ ಅಂಗೈ, ಅಂಗಾಲು ಹಳದಿಯಾದರೆ, ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ, ಮಗು ಹಾಲು ಬಿಟ್ಟು ಸೋತು ಮಲಗಿದರೆ ಅಂದೇ ಆಸ್ಪತ್ರೆಗೆ ಒಯ್ಯಿರಿ. ಬರೆ ಹಾಕಿಸುವುದರಲ್ಲಿ, ನಾಟಿ ಔಷಧಿಯಲ್ಲಿ ಹೊತ್ತು ಕಳೆಯಬೇಡಿ. ನೀಲಿ ಬೆಳಕಿನ ಚಿಕಿತ್ಸೆಯಿಂದ, ಅಗತ್ಯವಿದ್ದರೆ ರಕ್ತ ಬದಲಾವಣೆಯಿಂದ, ಸಕಾಲದಲ್ಲಿ ಬಂದ ಮಗುವನ್ನು ಉಳಿಸಬಹುದು. ಬಟ್ಟೆಗೆ ಯಾವ ಗುಳಿಗೆ ಹಾಕಿತ್ತೆಂಬುದನ್ನು ವೈದ್ಯರಿಗೆ ಮರೆಯದೆ ತಿಳಿಸಿ.

ಟ್ರಂಕಿನ ಬಟ್ಟೆಯನ್ನು ಹೆರಿಗೆಗೆ ಮೊದಲೇ ತೆಗೆದು, ವಾಸನೆ ಪೂರ್ತಿ ಹೋಗುವವರೆಗೆ ಮತ್ತೆ ಮತ್ತೆ ಒಗೆದು ಬಿಸಿಲಿಗೆ ಹಾಕಿ. ಮಗುವಿನ ಬಟ್ಟೆಯಿಡುವ ಕಡೆ ಈ ಗುಳಿಗೆ ಬೇಡವೇ ಬೇಡ. ಒಣಗಿದ ಬೇವಿನೆಲೆ ಸಾಕು.