ಸೇಂಟ್ ಮೇರೀಸ್ ದ್ವೀಪ ಪ್ರವಾಸ

ಸೇಂಟ್ ಮೇರೀಸ್ ದ್ವೀಪಗಳು ಕರ್ನಾಟಕದ ಉಡುಪಿ ಜಿಲ್ಲೆಯ ಮಲ್ಪೆ ಬಂದರಿನ ಎದುರಿಗೆ, ಅರಬ್ಬೀ ಸಮುದ್ರದಲ್ಲಿರುವ ನಾಲ್ಕು ಪುಟ್ಟ ದ್ವೀಪಗಳ ಸಮೂಹ. ಸ್ಥಳೀಯರು ಇದನ್ನು ತೋನ್ಸೆ ಪಾರ್ ಎಂದೂ ಕರೆಯುತ್ತಾರೆ. ತೆಂಗಿನ ಮರಗಳು, ತಿಳಿನೀಲಿ ನೀರು ಹಾಗೂ ಷಟ್ಕೋನಾಕಾರದ ಕಲ್ಲುಕಂಬಗಳಿಗೆ ಪ್ರಸಿದ್ಧವಾದ ಈ ತಾಣಕ್ಕೆ ಉತ್ತರ ಕರ್ನಾಟಕದ ಒಳನಾಡಿನಿಂದಲೂ ಶಾಲಾ ಮಕ್ಕಳು ಮತ್ತು ಕುಟುಂಬಗಳು ಪ್ರವಾಸ ಬರುತ್ತವೆ. ಥಾಯ್ಲೆಂಡಿನ ದ್ವೀಪಗಳಂತೆ ಇಲ್ಲಿ ತಂಗಲು ವಸತಿಗೃಹಗಳಿಲ್ಲ. ಬೆಳಿಗ್ಗೆ ಹೋಗಿ ಸಂಜೆಯೊಳಗೆ ಮರಳಬೇಕಾದ ಸ್ಥಳವಿದು. ಆದ್ದರಿಂದ ಪ್ರವಾಸದ ಯೋಜನೆಯಲ್ಲಿ ವಸತಿಗಿಂತ ಋತು, ಸಮುದ್ರದ ಸ್ಥಿತಿ ಮತ್ತು ಸುರಕ್ಷತೆಯ ವಿಚಾರಗಳೇ ಮುಖ್ಯವಾಗುತ್ತವೆ.

ಹೆಸರು

1498ರ ಮೇ ತಿಂಗಳಲ್ಲಿ ಕೋಳಿಕ್ಕೋಡಿಗೆ ಬಂದ ಪೋರ್ಚುಗೀಸ್ ನಾವಿಕ ವಾಸ್ಕೋ ಡ ಗಾಮ ಈ ದ್ವೀಪಗಳಲ್ಲೊಂದರ ಮೇಲೆ ಸಂತ ಮೇರಿಯ ಹೆಸರಿನಲ್ಲಿ ಒಂದು ಕಂಬವನ್ನು ನೆಡಿಸಿದನು. ಅದರಿಂದ ಈ ಹೆಸರು ಬಂದಿತು. ಅವನು ಕೋಳಿಕ್ಕೋಡಿಗೆ ಹೋಗುವಾಗ ಇಲ್ಲಿ ಇಳಿದನೆಂದು ಅನೇಕ ಕಡೆ ಬರೆಯಲಾಗಿದೆ. ಆದರೆ ಆಫ್ರಿಕಾದಿಂದ ಬಂದ ಹಡಗುಗಳು ನೇರವಾಗಿ ಮಲಬಾರ್ ತೀರವನ್ನು ಮುಟ್ಟಿದ್ದವು. ಕಂಬ ನೆಟ್ಟದ್ದು ಹಿಂದಿರುಗುವ ದಾರಿಯಲ್ಲಿ, ಅದೇ ವರ್ಷದ ಸೆಪ್ಟೆಂಬರ್ ತಿಂಗಳಲ್ಲಿ. ಮಲ್ಪೆಗೆ ಸಮೀಪದಲ್ಲಿರುವ ದರಿಯಾ ಬಹಾದ್ದೂರ್‌ಗಢ ದ್ವೀಪದಲ್ಲಿ ಬಿದನೂರು ಅರಸರ ಕಾಲದ ಕೋಟೆಯ ಅವಶೇಷಗಳಿವೆ. ಪ್ರವಾಸಿಗರು ಹೋಗುವುದು ಮುಖ್ಯವಾಗಿ ತೆಂಗಿನ ದ್ವೀಪಕ್ಕೆ.

ಕಲ್ಲುಕಂಬಗಳು

ಇಲ್ಲಿಯ ಶಿಲೆಗಳು ಸುಮಾರು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷಗಳಷ್ಟು ಹಳೆಯವು. ಮಡಗಾಸ್ಕರ್ ಭೂಭಾಗವು ಭಾರತದಿಂದ ಬೇರ್ಪಟ್ಟ ಕಾಲದ ಜ್ವಾಲಾಮುಖಿ ಚಟುವಟಿಕೆಯೊಂದಿಗೆ ವಿಜ್ಞಾನಿಗಳು ಇವುಗಳನ್ನು ಜೋಡಿಸುತ್ತಾರೆ. ಹೊರಬಂದ ಲಾವಾರಸ ತಣ್ಣಗಾಗುತ್ತ ಕುಗ್ಗಿದಾಗ ಅದರಲ್ಲಿ ಬಿರುಕುಗಳು ಮೂಡಿ, ಮೇಲಿನಿಂದ ಕೆಳಗಿಳಿದು, ಅಖಂಡ ಶಿಲೆಯನ್ನು ಐದು, ಆರು, ಏಳು ಮುಖಗಳ ಕಂಬಗಳಾಗಿ ಸೀಳಿದವು. ಬೇಸಿಗೆಯಲ್ಲಿ ಎರೆಹೊಲ ಬಿರಿಯುವುದನ್ನು ಕಂಡವರಿಗೆ ಇದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ: ಅಲ್ಲಿ ನೀರು ಆರಿ ಮಣ್ಣು ಕುಗ್ಗುತ್ತದೆ, ಇಲ್ಲಿ ಶಾಖ ಕಳೆದು ಕಲ್ಲು ಕುಗ್ಗಿದೆ. ಇವುಗಳನ್ನು ಬಸಾಲ್ಟ್ ಎಂದು ಕರೆಯುವ ರೂಢಿಯಿದ್ದರೂ ಇವು ಸಿಲಿಕಾ ಹೆಚ್ಚಿರುವ ರಯೋಲೈಟ್ ಮತ್ತು ಡೇಸೈಟ್ ವರ್ಗದ ಶಿಲೆಗಳು. ಬೆಳಗಾವಿ ಜಿಲ್ಲೆಯ ಉತ್ತರ ಭಾಗವನ್ನು ಹೊದ್ದಿರುವ ದಖ್ಖನ್ ಲಾವಾ ಇದಕ್ಕಿಂತ ಸುಮಾರು ಎರಡು ಕೋಟಿ ವರ್ಷ ಈಚಿನದು. ಎರಡನ್ನೂ ಒಂದೇ ಎಂದು ತಿಳಿಯಬಾರದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಬೆಂಗಳೂರಿನ ಲಾಲ್‌ಬಾಗ್ ಬಂಡೆಯಂತೆಯೇ ಈ ದ್ವೀಪವನ್ನೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಕಲ್ಲು ಕೀಳುವುದು, ಹೆಸರು ಕೆತ್ತುವುದು ಸಲ್ಲದು.

ಯಾವಾಗ ಹೋಗಬೇಕು

ನೈಋತ್ಯ ಮುಂಗಾರಿನ ಕಾಲದಲ್ಲಿ, ಅಂದರೆ ಸುಮಾರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ದ್ವೀಪಕ್ಕೆ ದೋಣಿ ಸಂಚಾರ ಇರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೂ ನಿಷೇಧವಿದೆ. ಸವದತ್ತಿ ಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆ ಉಡುಪಿಯ ಮಳೆಯ ಆರನೇ ಒಂದು ಭಾಗದ ಆಸುಪಾಸು. ಹೀಗಾಗಿ ತಮ್ಮ ಊರಿನ ಆಕಾಶ ನೋಡಿ ಕರಾವಳಿಯ ಹವಾಮಾನವನ್ನು ಅಳೆಯುವುದು ಒಳನಾಡಿನವರು ಮಾಡುವ ಸಾಮಾನ್ಯ ತಪ್ಪು. ಅಕ್ಟೋಬರ್ ನಡುವಿನಿಂದ ಫೆಬ್ರವರಿವರೆಗಿನ ಕಾಲ ಉತ್ತಮ. ಮಾರ್ಚ್ ನಂತರ ಸೆಕೆ ಹೆಚ್ಚು, ದ್ವೀಪದಲ್ಲಿ ನೆರಳು ಕಡಿಮೆ.

ಋತುವಿನ ಈ ಲೆಕ್ಕ ಎಲ್ಲ ದ್ವೀಪಗಳಿಗೂ ಒಂದೇ ಅಲ್ಲ. ಥಾಯ್ಲೆಂಡಿನಲ್ಲಿ ಅಂಡಮಾನ್ ಸಮುದ್ರದ ಕಡೆಗಿರುವ ಫುಕೆಟ್‌ಗೆ ಮೇಯಿಂದ ಅಕ್ಟೋಬರ್‌ವರೆಗೆ ಮಳೆಗಾಲವಾದರೆ, ಪೂರ್ವದ ಕೊಲ್ಲಿಯಲ್ಲಿರುವ ಕೊ ಸಮುಯಿಗೆ ಜೋರು ಮಳೆ ಬರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಒಂದೇ ದೇಶವೆಂದು ಒಂದೇ ಋತುವನ್ನು ನಂಬಿ ಹೊರಟವರು ಕೋಣೆಯಲ್ಲೇ ಕುಳಿತು ಮಳೆ ನೋಡಬೇಕಾದೀತು.

ಮುನವಳ್ಳಿಯಿಂದ ಪ್ರಯಾಣ

ಬೆಳಗಾವಿ ಜಿಲ್ಲೆ ಸವದತ್ತಿ ತಾಲ್ಲೂಕಿನ ಮುನವಳ್ಳಿ ಮಲಪ್ರಭಾ ನದಿಯ ದಂಡೆಯ ಪಟ್ಟಣ. ಈ ನದಿ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಅರಬ್ಬೀ ಸಮುದ್ರಕ್ಕೆ ಹತ್ತಿರದಲ್ಲೇ ಹುಟ್ಟಿದರೂ ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಸಮುದ್ರ ನೋಡಬೇಕೆಂಬ ಮುನವಳ್ಳಿಯವರು ನದಿಗೆ ಬೆನ್ನುಮಾಡಿ ಪಶ್ಚಿಮಕ್ಕೆ ಘಟ್ಟ ಇಳಿಯಬೇಕು.

ಅನುಕೂಲವಾದ ದಾರಿಯೆಂದರೆ ಸವದತ್ತಿ, ಧಾರವಾಡದ ಮೂಲಕ ಹುಬ್ಬಳ್ಳಿ ತಲುಪಿ, ಅಲ್ಲಿಂದ ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾಗಳ ಮೂಲಕ ರಾಷ್ಟ್ರೀಯ ಹೆದ್ದಾರಿ 66ನ್ನು ಸೇರುವುದು. ಮುಂದೆ ಕುಮಟಾ, ಹೊನ್ನಾವರ, ಭಟ್ಕಳ, ಕುಂದಾಪುರಗಳನ್ನು ದಾಟಿದರೆ ಉಡುಪಿ. ಹುಬ್ಬಳ್ಳಿಯಿಂದ ರಾತ್ರಿ ಬಸ್ಸು ಹಿಡಿದವರು ಬೆಳಿಗ್ಗೆ ಉಡುಪಿಯಲ್ಲಿರುತ್ತಾರೆ. ಉಡುಪಿಯಿಂದ ಮಲ್ಪೆಗೆ ಆರು ಕಿಲೋಮೀಟರಿನಷ್ಟು ದೂರ, ಸಿಟಿ ಬಸ್ಸುಗಳಿವೆ. ರೈಲಿನಲ್ಲಾದರೆ ಲೋಂಡಾ ಮೂಲಕ ಮಡಗಾಂವ್‌ಗೆ ಹೋಗಿ ಕೊಂಕಣ ರೈಲು ಹಿಡಿಯಬೇಕು. ದಾರಿ ಸುತ್ತಾದರೂ ನೋಟ ಸೊಗಸು. ಮಳೆಗಾಲದಲ್ಲಿ ಘಟ್ಟ ಮತ್ತು ಕರಾವಳಿಯ ರಸ್ತೆಗಳಲ್ಲಿ ಗುಡ್ಡ ಕುಸಿಯುವ ಭಯವಿದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಇದೇ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಹಲವರು ಪ್ರಾಣ ಕಳೆದುಕೊಂಡರು.

ದೋಣಿಗಳು ಮಲ್ಪೆಯಿಂದ ಹೊರಡುತ್ತವೆ. ಅರ್ಧ ಗಂಟೆಯೊಳಗಿನ ಪಯಣ. ನಿಗದಿತ ಸಂಖ್ಯೆಯ ಜನ ಕೂಡುವವರೆಗೆ ಕಾಯಬೇಕಾಗಬಹುದು. ಮರಳುವ ಕೊನೆಯ ದೋಣಿ ಎಷ್ಟು ಹೊತ್ತಿಗೆಂಬುದನ್ನು ಟಿಕೆಟು ಕೊಳ್ಳುವಾಗಲೇ ಕೇಳಿಕೊಳ್ಳಬೇಕು. ದ್ವೀಪದಲ್ಲಿ ಊರಾಗಲಿ ಆಸ್ಪತ್ರೆಯಾಗಲಿ ಇಲ್ಲ. ಕುಡಿಯುವ ನೀರು, ಟೋಪಿ ಅಗತ್ಯ. ದಡದಲ್ಲಿ ಮರಳಿಗಿಂತ ಚಿಪ್ಪಿನ ಚೂರುಗಳೇ ಹೆಚ್ಚಾದ್ದರಿಂದ ಬರಿಗಾಲು ಕೊಯ್ಯುತ್ತದೆ. ಹಿಡಿತವಿರುವ ಪಾದರಕ್ಷೆ ಬೇಕು. ಮದ್ಯಕ್ಕೂ ಪ್ಲಾಸ್ಟಿಕ್ಕಿಗೂ ನಿರ್ಬಂಧವಿದೆ.

ಸಮುದ್ರದ ಅಪಾಯಗಳು

2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇದೇ ದ್ವೀಪದಲ್ಲಿ ನೀರುಪಾಲಾದರು. ಇಂಥ ದುರಂತಗಳಲ್ಲಿ ಈಜು ಬಾರದವರಷ್ಟೇ ಅಲ್ಲ, ನದಿಯಲ್ಲಿ, ಬಾವಿಯಲ್ಲಿ ಈಜಿ ಬೆಳೆದವರೂ ಸಿಲುಕುತ್ತಾರೆ. ಉಪ್ಪುನೀರು ದೇಹವನ್ನು ತುಸು ಹೆಚ್ಚಾಗಿ ತೇಲಿಸುತ್ತದೆ. ಇದರಿಂದ ಈಜು ಸುಲಭವೆಂಬ ಸುಳ್ಳು ಧೈರ್ಯ ಬರುತ್ತದೆ. ನದಿಯ ಸೆಳವು ಒಂದೇ ದಿಕ್ಕಿಗೆ, ಕಣ್ಣಿಗೆ ಕಾಣುವಂತೆ ಹರಿಯುತ್ತದೆ. ಸಮುದ್ರದಲ್ಲಿ ದಡಕ್ಕೆ ಬಡಿದ ಅಲೆಗಳ ನೀರು ಕೆಲವೆಡೆ ಕಿರಿದಾದ ಪಟ್ಟಿಯಾಗಿ ಒಳಗಡಲಿಗೆ ಹಿಂದಿರುಗುತ್ತದೆ. ಅಲ್ಲಿ ಅಲೆ ಕಡಿಮೆ ಕಾಣುವುದರಿಂದ ನೀರಿಗಿಳಿಯಲು ಅದೇ ಸುರಕ್ಷಿತ ಜಾಗವೆಂದು ಅನನುಭವಿಗಳು ಭಾವಿಸುತ್ತಾರೆ. ಅಂಥ ಸೆಳವಿಗೆ ಸಿಕ್ಕವರು ಅದಕ್ಕೆ ಎದುರಾಗಿ ಈಜಿ ದಣಿಯಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳವಿನ ಪಟ್ಟಿಯಿಂದ ಹೊರಬಂದ ಮೇಲೆ ದಡದ ಕಡೆ ತಿರುಗಬೇಕು. ಅದೂ ಆಗದಿದ್ದರೆ ತೇಲುತ್ತ ಕೈಯೆತ್ತಿ ನೆರವು ಕೇಳಬೇಕು.

ಕಲ್ಲುಕಂಬಗಳ ಅಂಚು ಇನ್ನೂ ಅಪಾಯಕಾರಿ. ಅವುಗಳ ಮೇಲೆ ಪಾಚಿ ಕಟ್ಟಿರುತ್ತದೆ. ಹತ್ತು ಸಣ್ಣ ಅಲೆಗಳ ನಂತರ ಒಂದು ದೊಡ್ಡ ಅಲೆ ಬರಬಹುದು. ಫೋಟೋಕ್ಕಾಗಿ ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲುವುದನ್ನು ಶಿಕ್ಷಕರು ಖಡಾಖಂಡಿತವಾಗಿ ತಡೆಯಬೇಕು. ದಿನಕ್ಕೆ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ ಇರುತ್ತದೆ. ಗುಜರಾತಿನ ಖಂಭಾತ್ ಕೊಲ್ಲಿಯಷ್ಟು ಎತ್ತರದ ಉಬ್ಬರ ಇಲ್ಲಿಲ್ಲವಾದರೂ, ನಡೆದು ಹೋದ ತಗ್ಗುಬಂಡೆ ಮರಳುವಾಗ ಮುಳುಗಿರಲು ಅಷ್ಟು ಸಾಕು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರ ಹೆಚ್ಚು. ಬನದ ಹುಣ್ಣಿಮೆ ಅಥವಾ ಭಾರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಜಾತ್ರೆ ಮುಗಿಸಿ ನೇರವಾಗಿ ಕರಾವಳಿಗೆ ಹೊರಡುವವರು ಇದನ್ನು ನೆನಪಿನಲ್ಲಿಡಬೇಕು.

ಶಾಲಾ ಪ್ರವಾಸವಾದರೆ ಹತ್ತು ಹದಿನೈದು ಮಕ್ಕಳಿಗೊಬ್ಬ ಹಿರಿಯರಿದ್ದು, ದೋಣಿ ಏರುವಾಗಲೂ ಇಳಿಯುವಾಗಲೂ ಹೆಸರು ಕೂಗಿ ಎಣಿಸುವುದು ಒಳ್ಳೆಯದು. ದೋಣಿಯಲ್ಲಿ ಎಲ್ಲರಿಗೂ ಲೈಫ್ ಜಾಕೆಟ್ ಇರಲೇಬೇಕು. ಇಲ್ಲದಿದ್ದರೆ ಆ ದೋಣಿಯನ್ನು ಬಿಟ್ಟು ಮತ್ತೊಂದಕ್ಕೆ ಕಾಯಬೇಕು. ಜೀವರಕ್ಷಕ ಸಿಬ್ಬಂದಿ ಗುರುತಿಸಿದ ಜಾಗದಲ್ಲಿ ಮಾತ್ರ, ಮೊಣಕಾಲಿನ ಆಳದವರೆಗೆ ಮಕ್ಕಳನ್ನು ಬಿಡಬಹುದು.

ಇತರ ದ್ವೀಪಗಳು

ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತ ಹವಳ ಮತ್ತು ಬಣ್ಣದ ಮೀನುಗಳನ್ನು ನೋಡಲು ಸ್ಕೂಬಾ ಡೈವಿಂಗ್ ವ್ಯವಸ್ಥೆಯಿದೆ. ಕಾರವಾರದ ಸಮೀಪ ಕೂರ್ಮಗಡ ದ್ವೀಪವಿದ್ದು, ಅಲ್ಲಿ ಪುಷ್ಯ ಹುಣ್ಣಿಮೆಯಂದು ನಡೆಯುವ ನರಸಿಂಹ ದೇವರ ಜಾತ್ರೆಗೆ ಭಕ್ತರು ದೋಣಿಗಳಲ್ಲಿ ಹೋಗುತ್ತಾರೆ. ಮುನವಳ್ಳಿಯ ಕಡೆಯವರಿಗೆ ಕಾರವಾರವು ಮಲ್ಪೆಗಿಂತ ಹತ್ತಿರ.