ಗೋಲು ತಡೆಯುವವನ ಲೆಕ್ಕ ಯಾರಿಡುತ್ತಾರೆ?

1956ರ ನವೆಂಬರ್ 1ರಂದು ನಮ್ಮ ರಾಯಚೂರು ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿತು. ಸರಿಯಾಗಿ ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತದ ಫುಟ್‌ಬಾಲ್ ತಂಡ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿ ಸೆಮಿಫೈನಲ್ ತಲುಪಿತು. ಅಲ್ಲಿಯವರೆಗೆ ಏಷ್ಯಾದ ಯಾವ ತಂಡವೂ ಆ ಹಂತ ಕಂಡಿರಲಿಲ್ಲ. ತಂಡದ ಕೋಚ್ ಹೈದರಾಬಾದಿನ ಶಾಲಾ ಶಿಕ್ಷಕರಾಗಿದ್ದ ಸೈಯದ್ ಅಬ್ದುಲ್ ರಹೀಂ. ತಂಡದ ಹಾಫ್‌ಬ್ಯಾಕ್‌ಗಳಲ್ಲಿ ಒಬ್ಬರು ಬೆಂಗಳೂರಿನ ಕೆಂಪಯ್ಯ. ನಮ್ಮ ಹಳೆಯ ರಾಜಧಾನಿಯ ಮೇಷ್ಟ್ರು, ಹೊಸ ರಾಜಧಾನಿಯ ಆಟಗಾರ!

ಆ ಗೆಲುವು ಅಂದರೆ ಇಂದಿಗೂ ನೆನಪಾಗುವುದು ಮೂರು ಗೋಲು ಹೊಡೆದ ನೆವಿಲ್ ಡಿಸೋಜಾ. ಹಾಫ್‌ಬ್ಯಾಕ್ ಕೆಲಸವೇ ಬೇರೆ. ಎದುರಾಳಿಯ ದಾಳಿಯನ್ನು ನಡು ಮೈದಾನದಲ್ಲೇ ಮುರಿಯಬೇಕು, ಚೆಂಡು ಕಸಿದು ಮುಂದಿನವರಿಗೆ ದಾಟಿಸಬೇಕು. ಸ್ಕೋರ್ ಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲ. ಆದರೂ 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲೂ ಕೆಂಪಯ್ಯ ಇದ್ದರು. ಅಲ್ಲಿ ಭಾರತ ಫ್ರಾನ್ಸ್ ಜತೆ 1–1ರ ಡ್ರಾ ಸಾಧಿಸಿತು. ಕೋಲ್ಕತ್ತದ ಮೋಹನ್ ಬಾಗಾನ್ ತಂಡಕ್ಕೂ ಅವರು ಆಡಿದರು.

ಅದೇ ಕಾಲದ ಇಟಲಿಯ ಡಿಫೆಂಡರ್ ಚೆಸಾರೆ ಮಾಲ್ದಿನಿಗೆ ಫುಟ್‌ಬಾಲೇ ಉದ್ಯೋಗ. 1963ರಲ್ಲಿ ಎಸಿ ಮಿಲಾನ್ ನಾಯಕನಾಗಿ ಅವರು ಯುರೋಪಿಯನ್ ಕಪ್ ಎತ್ತಿ ಹಿಡಿದರು. ನಮ್ಮವರು ಹವ್ಯಾಸಿಗಳು. ಒಲಿಂಪಿಕ್ಸ್‌ಗೆ ಆಗ ಹವ್ಯಾಸಿಗಳಿಗಷ್ಟೇ ಪ್ರವೇಶವಿತ್ತು.

ನಾನು ಮಾನ್ವಿಯವನು. ರಾಯಚೂರಿನಲ್ಲಿ ಬಿಇ ಓದುತ್ತಾ ಕಾಲೇಜು ತಂಡದಲ್ಲಿ ಸ್ಟಾಪರ್ ಆಗಿ ಆಡುತ್ತೇನೆ. ನನ್ನ ಪಕ್ಕದಲ್ಲಿ ಆಡುವವನು ದೇವದುರ್ಗದ ಗೆಳೆಯ. ರಜೆಗೆ ಊರಿಗೆ ಹೋದರೆ ಅಪ್ಪನದು ಒಂದೇ ಪ್ರಶ್ನೆ: ‘ಗೋಲೂ ಹೊಡಿಯಂಗಿಲ್ಲ, ಮತ್ಯಾಕ ಆಡ್ತೀಯೋ?’ ಕ್ಯಾಂಪಸ್ ಸಂದರ್ಶನಕ್ಕೆ ರೆಸ್ಯೂಮೆ ಬರೆಯಲು ಕೂತಾಗಲೂ ಇದೇ ತಾಪತ್ರಯ. ‘ಸಾಧನೆ’ ಎಂಬ ಕಾಲಂನಲ್ಲಿ ತಡೆದ ಗೋಲುಗಳನ್ನು ಹೇಗೆ ತುಂಬುವುದು?

ಪ್ರಾಜೆಕ್ಟ್ ತಂಡದಲ್ಲೂ ಅಷ್ಟೇ. ಡೆಮೊ ಕೊಟ್ಟವನಿಗೆ ಚಪ್ಪಾಳೆ. ರಾತ್ರಿಯಿಡೀ ಕೂತು ಕೋಡ್‌ನ ದೋಷ ಹುಡುಕಿದವನನ್ನು ಕೇಳುವವರಿಲ್ಲ. ಆದರೆ ಅವನಿಲ್ಲದಿದ್ದರೆ ಡೆಮೊ ನಡೆಯುತ್ತಲೇ ಇರಲಿಲ್ಲ. ರಹೀಂ ಅವರಂಥ ಕೋಚ್‌ಗೆ ಇದು ಗೊತ್ತಿತ್ತು. ಹಾಗಾಗಿಯೇ ಅವರ 1956 ಮತ್ತು 1960ರ ಒಲಿಂಪಿಕ್ಸ್ ತಂಡಗಳಲ್ಲಿ ಕೆಂಪಯ್ಯನವರಿಗೆ ಜಾಗವಿತ್ತು.

ಗೆಳೆಯರೇ, ಕೆಲಸ ಹುಡುಕುವಾಗ ‘ನಾನೇನೂ ಗೆದ್ದಿಲ್ಲ’ ಎಂದು ಕುಗ್ಗಬೇಡಿ. ಏನನ್ನು ತಡೆದಿರಿ, ಯಾರಿಗೆ ದಾರಿ ಮಾಡಿಕೊಟ್ಟಿರಿ ಎಂಬುದನ್ನೂ ಬರೆಯಿರಿ. ನನ್ನ ರೆಸ್ಯೂಮೆಯಲ್ಲಿ ಈಗ ಒಂದು ಸಾಲು ಸೇರಿದೆ: ‘ಸ್ಟಾಪರ್, ಕಾಲೇಜು ಫುಟ್‌ಬಾಲ್ ತಂಡ.’ ಯಾರಾದರೂ ಕೇಳಿದರೆ ಹೇಳಲು ಬೇಕಾದಷ್ಟಿದೆ.